ಬಾಲದ ಮೇಲಿನ ಕರಿ ಉಣ್ಣೆ

ಶಿವಬಸಮ್ಮನ ಕೈ ಸುಮ್ಮನಿರುವ ಕೈಯಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಬೆನ್ನಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುವಳು. ಬೀಗರ ಮನೆಗೆ ಹೋದರೆ ಮಾತಾಡುತ್ತಲೇ ಅವರ ತಂಬಿಗೆ ತಿಕ್ಕಿ ಬೋರಲು ಹಾಕಿ ಬರುವಳು. "ಅವ್ವಾ, ನಿನ್ನ ಕೈಗೊಂದು ಬೀಗ ಹಾಕಬೇಕು ನೋಡು" ಎಂದು ಮಗಳು ಶೈಲಾ ನಗುತ್ತಿದ್ದಳು. ಆ ನಗು ಈ ವರ್ಷದ ದೀಪಾವಳಿಯ ಹೊತ್ತಿನ ತನಕ ಆ ಮನೆಯಲ್ಲಿತ್ತು.

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ, ಒಂದು ಹಳೆಯ ಶೇಂಗಾ ಎಣ್ಣೆ ಮಿಲ್ಲಿದೆ. ಮಿಲ್ಲು ನಿಂತು ಬಹಳ ವರ್ಷವಾಯಿತು. ಅದರ ಗೋದಾಮಿನ ಗೋಡೆಗೆ ಕೈಯಿಟ್ಟರೆ ಈಗಲೂ ಎಣ್ಣೆಯ ಜಿಡ್ಡು ಹತ್ತುತ್ತದೆ. ಆ ಗೋದಾಮಿನೊಳಗೆ ಈಗ ಒಂದು ಹೆಲಿಕಾಪ್ಟರ್ ಇದೆ.

ಅದನ್ನು ತಂದವರು ಹಡಗಲಿಯ ಕರಿಸಿದ್ದಪ್ಪನವರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಸುತ್ತಲಿನ ತಾಲ್ಲೂಕುಗಳ ಮಾಜಿ ಸೈನಿಕರನ್ನು ಕೂಡಿಸಿ ಒಂದು ಟ್ರಸ್ಟು ಮಾಡಿ, ಬೆಂಗಳೂರಿಗೂ ದಿಲ್ಲಿಗೂ ಓಡಾಡಿ, ತಾವೇ ಅದರ ಮೇಲೆ ದುಡಿದಿದ್ದ ಆ ಯಂತ್ರವನ್ನು ಕೇಳಿ ಪಡೆದಿದ್ದರು. ಹರಪನಹಳ್ಳಿ ರಸ್ತೆಯಲ್ಲಿ ಅದು ಉದ್ದನೆಯ ಟ್ರೈಲರ್ ಮೇಲೆ ರೆಕ್ಕೆ ಕಳಚಿಕೊಂಡು ಬಂದ ದಿನ ಕೊಟ್ಟೂರಿನ ಅರ್ಧ ಊರೇ ರಸ್ತೆಗೆ ಬಂದಿತ್ತು. "ಮದುಮಗಳು ಬಂದ್ಲು, ಆರತಿ ತರ್ರಿ" ಎಂದು ಯಾರೋ ಕೂಗಿದರು. "ಮದುಮಗಳಲ್ಲೋ ಮಾರಾಯ, ಮುತ್ಯಾ ಅದು. ತಲಿಮ್ಯಾಲೆ ಕೂದ್ಲಾ ಇಲ್ಲ ನೋಡು" ಎಂದು ಇನ್ನೊಬ್ಬರು.

ಟ್ರಸ್ಟಿನವರು ಅದನ್ನು ನೋಡಿಕೊಳ್ಳಲು ಶೈಲಾಳನ್ನು ನೇಮಿಸಿದರು. ಇತಿಹಾಸದಲ್ಲಿ ಎಂ.ಎ. ಮಾಡಿ, ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸವೆದುಹೋಗಿದ್ದ ಹುಡುಗಿಗೆ ಇದು ತನ್ನದೇ ಎನ್ನುವಂಥ ಕೆಲಸವಾಗಿ ಸಿಕ್ಕಿತು. ಕೂಡ್ಲಿಗಿ, ಹರಪನಹಳ್ಳಿಯ ಶಾಲೆಗಳಿಂದ ಮಕ್ಕಳು ಬಂದರೆ ಶೈಲಾ ಮುಂದೆ ನಿಂತು ಹೇಳುವುದನ್ನು ಶಿವಬಸಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು.

"ಇದು ಯುದ್ಧಕ್ಕೆ ಹೋದ ಹೆಲಿಕಾಪ್ಟರ್ ಅಲ್ಲ ಮಕ್ಕಳೇ. ಯುದ್ಧಕ್ಕೆ ಹೋಗೋ ಹೆಲಿಕಾಪ್ಟರ್ ಹೆಂಗಿರಬೇಕು ಅಂತ ಮೊದಲು ಮಾಡಿ ನೋಡಿದ ಮಾದರಿ. ಮರಳುಗಾಡಿನ ಬಿಸಿಲಿನಲ್ಲಿ ಹಾರಿಸಿ ನೋಡಿದ್ರು, ಸಮುದ್ರದ ಮೇಲೆ ಹಾರಿಸಿ ನೋಡಿದ್ರು, ಹಿಮದ ಬೆಟ್ಟದ ಮೇಲೆ ಇಳಿಸಿ ನೋಡಿದ್ರು. ಏನೇನು ಕೆಡಬಹುದೋ ಅದೆಲ್ಲ ಮೊದಲು ಇದರಲ್ಲೇ ಕೆಡಬೇಕು. ಇದರಲ್ಲಿ ಕೆಟ್ಟಿದ್ದನ್ನ ಸರಿಮಾಡಿ ಆಮೇಲೆ ಬೇರೆಯವನ್ನ ಕಟ್ಟಿದ್ರು. ಅವು ಸೈನ್ಯಕ್ಕೆ ಹೋದವು. ಇದು ಮಾತ್ರ ಶೆಡ್ಡಿನ ಮೂಲೆಯಲ್ಲೇ ಉಳೀತು."

ಆ ಮಾತು ಬಂದಾಗಲೆಲ್ಲ ಶಿವಬಸಮ್ಮನಿಗೆ ಯಾವ ಮನೆಯ ಹಿರಿಮಗಳ ಬಾಳೂ ಹೀಗೇ ಅಲ್ಲವೇ ಅನ್ನಿಸುತ್ತಿತ್ತು. ಹಾಗಾಗಿ ಆ ಯಂತ್ರದ ಮೇಲೆ ಅವಳಿಗೆ ಒಂದು ಥರದ ಮಮತೆ ಬೆಳೆಯಿತು. ಸಂಜೆ ಹೊತ್ತು ಫ್ಲಾಸ್ಕಿನಲ್ಲಿ ಚಹಾ, ಪೊಟ್ಟಣದಲ್ಲಿ ಮಂಡಕ್ಕಿ ಕಟ್ಟಿಕೊಂಡು ಗೋದಾಮಿಗೆ ಹೋಗುವುದು ರೂಢಿಯಾಯಿತು. ತನಗೂ ಮಗಳಿಗೂ ಸ್ಟೀಲಿನ ಲೋಟ. ಕಸ ಗುಡಿಸುವ ಪಕ್ಕೀರಮ್ಮನಿಗೆ ಪೇಪರ್ ಕಪ್ಪು. ಅದನ್ನು ಯಾರೂ ಹೀಗೆಂದು ಹೇಳಿದ್ದಲ್ಲ, ಶಿವಬಸಮ್ಮ ಯೋಚಿಸಿ ಮಾಡಿದ್ದೂ ಅಲ್ಲ. ಮೊದಲ ದಿನ ಪೇಪರ್ ಕಪ್ಪಿನ ಕಟ್ಟೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದಳು, ಅದೇ ಮುಂದುವರಿದಿತ್ತು.

ಪಕ್ಕೀರಮ್ಮ ಮಾತು ಕಡಿಮೆಯ ಹೆಂಗಸು. ಮಗ ಕ್ರಾಂತಿಕುಮಾರನಿಗೆ ಕರೆಂಟ್ ಆಫೀಸಿನಲ್ಲಿ ನೌಕರಿ. ಅವನು ಬೇಡವೆಂದರೂ ಕೈಕಾಲು ಗಟ್ಟಿ ಇರುವತನಕ ಎಂದು ಕೆಲಸಕ್ಕೆ ಬರುತ್ತಿದ್ದಳು. ಹೆಲಿಕಾಪ್ಟರಿನ ಕೆಳಗಿನ ನೆಲವನ್ನು ಗುಡಿಸಿ, ಒರೆಸಿ, ಆಮೇಲೆ ಬಾಗಿಲಲ್ಲಿ ನಿಂತು ಒಂದು ಸಲ ಅದನ್ನು ಉದ್ದಕ್ಕೂ ನೋಡಿ ಹೋಗುವಳು. "ಮೈ ಮಾತ್ರ ಮುಟ್ಟಬೇಡ ಪಕ್ಕೀರಮ್ಮ, ನೆಲ ಅಷ್ಟೇ" ಎಂದು ಶೈಲಾ ಹೇಳಿದ್ದಳು. ಅವಳು ಮುಟ್ಟಿರಲಿಲ್ಲ.

ಊರವರು ಮುಟ್ಟುತ್ತಿದ್ದರು. ಉಚ್ಚಂಗಿದುರ್ಗಕ್ಕೆ ಹೋಗುವವರು ದಾರಿಯಲ್ಲಿ ಇಳಿದು ನೋಡಿ ಮೂತಿಗೆ ಕುಂಕುಮ ಹಚ್ಚಿ ಹೋಗುವುದು, ಮೈಲಾರಕ್ಕೆ ಹೊರಟವರು ಒಂದು ಚಿಟಿಕೆ ಭಂಡಾರದ ಅರಿಶಿನ ಎರಚುವುದು. ಶೈಲಾ ಹಗ್ಗ ಕಟ್ಟಿದಳು, "ಮುಟ್ಟಬೇಡಿ" ಎಂದು ಫಲಕ ನಿಲ್ಲಿಸಿದಳು. ಬಾಲದ ಭಾಗಕ್ಕಂತೂ ಪ್ಲಾಸ್ಟಿಕ್ ಹಾಳೆಯನ್ನೇ ಹೊದಿಸಿಬಿಟ್ಟಳು. ಆ ಭಾಗದ ಕತೆಯನ್ನು ಕರಿಸಿದ್ದಪ್ಪನವರೇ ಹೇಳಬೇಕು, ಫಲಕ ಬರೆದಾದ ಮೇಲೆ ತೆರೆಯುವುದು ಎಂದು ಅವರಿಬ್ಬರಲ್ಲಿ ಮಾತಾಗಿತ್ತು.

ದಸರೆಯ ಹೊತ್ತಿಗೆ ಶೈಲಾಳಿಗೆ ಬೆಂಗಳೂರಿನಲ್ಲಿ ವಸ್ತುಸಂಗ್ರಹಾಲಯದವರ ತರಬೇತಿ ಬಂತು. ಬೀಗದ ಕೈಯನ್ನು ಅವ್ವನ ಕೈಗೆ ಕೊಟ್ಟು ಹೋದಳು.

ಮಹಾನವಮಿಯ ಬೆಳಿಗ್ಗೆ ಊರಿನ ಬೈಕು, ಆಟೋ, ಟ್ರ್ಯಾಕ್ಟರುಗಳೆಲ್ಲ ಮೈ ತೊಳೆದುಕೊಂಡು ಚೆಂಡುಹೂವಿನ ಸರ ಹಾಕಿಕೊಂಡು ನಿಂತಿದ್ದವು. ಶಿವಬಸಮ್ಮನ ಗಂಡ ಕೊಟ್ರಸ್ವಾಮಿ ಬದುಕಿದ್ದಾಗ ಮನೆ ಮುಂದೆ ಲಾರಿ ಇತ್ತು. ಪ್ರತಿ ಮಹಾನವಮಿಗೆ ಅದರ ಮುಂದಿನ ಬಂಪರಿಗೆ ಕಟ್ಟಿದ ಕರಿ ಉಣ್ಣೆಯ ದಾರವನ್ನು ಬಿಚ್ಚುವುದು ಶಿವಬಸಮ್ಮನ ಕೆಲಸ. ವರ್ಷವಿಡೀ ಬಿದ್ದ ದೃಷ್ಟಿಯನ್ನೆಲ್ಲ ಹೀರಿಕೊಂಡ ದಾರ ಗಾಡಿಯ ಮೇಲೆ ಉಳಿಯಬಾರದು. ಅದನ್ನು ಬಿಚ್ಚಿ ಹರಿಯುವ ನೀರಿಗೆ ಬಿಡಬೇಕು, ಆಮೇಲೆ ಹೊಸದು ಕಟ್ಟಬೇಕು. ಲಾರಿ ಹೋಗಿ ಆ ಕೆಲಸವೂ ಹೋಗಿತ್ತು. ಈ ಸಲ ಕೈಯಲ್ಲಿ ಬೀಗದ ಕೈ ಇತ್ತು. ಊರಿನ ಸೈಕಲ್ಲಿಗೂ ಪೂಜೆಯಿರುವ ದಿನ, ದೇಶಕ್ಕೆ ದುಡಿದ ಯಂತ್ರ ಬೋಳಾಗಿ ನಿಂತಿರಬೇಕೇ ಎನಿಸಿತು.

ಬಕೆಟ್ಟು, ಅರಿವೆ, ಸ್ವಲ್ಪ ಸೀಮೆಎಣ್ಣೆ, ನಿಂಬೆಹಣ್ಣು, ಹೂವು ಹಿಡಿದು ಹೋದಳು. ಪಕ್ಕೀರಮ್ಮ ನೆಲ ಗುಡಿಸುತ್ತಿದ್ದಳು.

"ಲೇ ಪಕ್ಕೀರಿ, ಇತ್ಲಾಗ ಬಾ. ಈ ಹಾಳಿ ಒಂಚೂರು ಹಿಡಿ."

"ಅದನ್ನ ತಗೀಬ್ಯಾಡ್ರಿ ಅಮ್ಮಾರ. ಮೈ ಮುಟ್ಟಬ್ಯಾಡ ಅಂದಾರ ಶೈಲಕ್ಕಾರು."

"ನಿನಗ ಅಂದಾಳ. ನನಗ ಅಂದಾಳೇನು?"

ಹಾಳೆ ಸರಿಸಿದರೆ, ಬಿಳಿಯ ಬಾಲದ ಎರಡೂ ಬದಿಗೆ ಸಾಲುಸಾಲಾಗಿ ಕರಿ ಉಣ್ಣೆಯ ತುಂಡು ಎಳೆಗಳು! ಬೆರಳುದ್ದದವು, ಒಂದು ತುದಿಗೆ ಟೇಪು ಅಂಟಿಸಿದ್ದು, ಇನ್ನೊಂದು ತುದಿ ಜೋತುಬಿದ್ದದ್ದು. ಟೇಪು ಹಳದಿಯಾಗಿ ಒಣಗಿ ಸೊಪ್ಪಿನಂತೆ ಮುರುಟಿತ್ತು. ಶಿವಬಸಮ್ಮ ಒಂದು ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿದಳು. ಅಂಗಡಿಯ ಉಣ್ಣೆಯಲ್ಲ, ನಮ್ಮ ಕಡೆಯ ಕಂಬಳಿಯ ಉಣ್ಣೆ. ಕುರಿಯ ವಾಸನೆ ಕೂಡ ಎಲ್ಲೋ ಉಳಿದಿತ್ತು. ಹಾಗಾದರೆ ಸಂಶಯವೇ ಇಲ್ಲ.

"ಅಯ್ಯ ನನ್ ಶಿವನ! ಯಾರ್ಯಾರು ಬಂದು ಅಂಟಿಸ್ಯಾರೋ. ಒಂದಾ ಎರಡಾ? ಎಂಥಾ ದೃಷ್ಟಿ ಬಿದ್ದಿತ್ತೋ ಏನೋ ಇದಕ್ಕ, ಪಾಪ. ಹಳೇವು ಹಂಗಾ ಅದಾವ, ಯಾರೂ ಬಿಚ್ಚಿಲ್ಲ."

"ಒಂದು ಫೋನ್ ಹಚ್ಚಿ ಕೇಳ್ರಿ ಅಮ್ಮಾರ," ಪಕ್ಕೀರಮ್ಮ ಕಸಬರಿಗೆ ಹಿಡಿದು ದೂರವೇ ನಿಂತಿದ್ದಳು.

"ದೃಷ್ಟಿದಾರ ಬಿಚ್ಚಾಕ ಬೆಂಗ್ಳೂರಿಗೆ ಫೋನ್ ಹಚ್ಚಬೇಕಾ? ಲಾರಿದು ನಾನಾ ಬಿಚ್ತಿದ್ದೆ. ಆಕಿಗೇನು ಗೊತ್ತೈತಿ ಇವೆಲ್ಲ. ಬಾ, ಆ ಕಡಿಯಿಂದ ನೀನು ತಗಿ."

"ನಾನು ಮುಟ್ಟಂಗಿಲ್ರಿ."

"ಹೆದರ್ಕಿ ನೋಡು ನಿಂದು!" ಶಿವಬಸಮ್ಮ ನಕ್ಕು ತಾನೇ ಶುರುಮಾಡಿದಳು. ಟೇಪು ಮುಟ್ಟಿದರೆ ಉದುರುತ್ತಿತ್ತು. ಉಳಿದ ಅಂಟನ್ನು ಸೀಮೆಎಣ್ಣೆಯ ಅರಿವೆಯಿಂದ ತಿಕ್ಕಿ ತಿಕ್ಕಿ ತೆಗೆದಳು. ತಿಕ್ಕಿದ ತಂಬಿಗೆಯಷ್ಟು ನುಣುಪಾಯಿತು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮುಂದಿನ ಚಕ್ರಕ್ಕೆ ಹೊಸ ಕರಿದಾರ ಕಟ್ಟಿ, ಹಾಳೆಯನ್ನು ಮೊದಲಿನಂತೆಯೇ ಮಡಿಕೆ ಬರದ ಹಾಗೆ ಹೊದಿಸಿದಳು. ಮನಸ್ಸಿಗೆ ಬಹಳ ದಿನದ ಮೇಲೆ ತೃಪ್ತಿಯಾಯಿತು. ಮರುದಿನ ಬನ್ನಿ ಕೊಡಲು ತಂಗಿಯ ಊರು ಹಂಪಸಾಗರಕ್ಕೆ ಹೋದಾಗ, ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಉಣ್ಣೆಯನ್ನೆಲ್ಲ ತುಂಗಭದ್ರೆಗೆ ಬಿಟ್ಟು ಕೈಮುಗಿದಳು. ಅದು ಸ್ವಲ್ಪ ಹೊತ್ತು ಕರಿ ನೊರೆಯಂತೆ ತೇಲಿ ಹೋಯಿತು.

ಶೈಲಾ ತಿರುಗಿ ಬಂದವಳು ಚಕ್ರದ ದಾರ ಕಂಡು "ಅವ್ವಾ, ನೀನು ಬಿಡಂಗಿಲ್ಲ" ಎಂದು ನಕ್ಕು ಅದನ್ನು ಬಿಚ್ಚಿ ಮೇಜಿನ ಡ್ರಾಯರಿಗೆ ಹಾಕಿದಳು. ಹಾಳೆ ಹೊದಿಸಿದ್ದು ಹೊದಿಸಿದ ಹಾಗೇ ಇತ್ತು. ತೆರೆದು ನೋಡಲಿಲ್ಲ.

ದೀಪಾವಳಿಗೆ ಮುಂಚೆ ಬೆಂಗಳೂರಿನಿಂದ ವಾಣಿಶ್ರೀ ಎಂಬ ಅಧಿಕಾರಿ ಬಂದರು. ಹಳೆಯ ಯಂತ್ರಗಳನ್ನು ಕಾಪಾಡುವುದು ಹೇಗೆಂದು ಹೇಳಿಕೊಡುವವರು. ಇಲ್ಲಿರುವುದು ಅವರಿಗೆ ಒಪ್ಪಿಗೆಯಾದರೆ ಗೋದಾಮು ಹೆಸರಿಗೆ ತಕ್ಕ ವಸ್ತುಸಂಗ್ರಹಾಲಯವಾಗುತ್ತದೆ, ಶೈಲಾಳ ಕೆಲಸವೂ ಗಟ್ಟಿಯಾಗುತ್ತದೆ. ಕರಿಸಿದ್ದಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಡಗಲಿಯಿಂದ ಬಂದಿದ್ದರು. ಶಿವಬಸಮ್ಮ ಮಿರ್ಚಿ ಕರಿದುಕೊಂಡು, ದೊಡ್ಡ ಫ್ಲಾಸ್ಕು ತುಂಬಿಕೊಂಡು ಬಂದಳು.

ಎಲ್ಲವನ್ನೂ ನೋಡಿ ಮುಗಿದ ಮೇಲೆ ಕರಿಸಿದ್ದಪ್ಪನವರು ಬಾಲದ ಹತ್ತಿರ ಹೋಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕೈಯಿಟ್ಟರು. ತೆರೆಯಲಿಲ್ಲ. ಹೇಳಬೇಕಾದ್ದು ಬಹಳ ಇದೆ ಎನ್ನುವವರಂತೆ ನಿಂತರು.

"ಮೇಡಂ, ಎತ್ತರಕ್ಕ ಹೋದಾಗ ಇದರ ಬಾಲ ನಡುಗತಿತ್ತು. ಎಂಥಾ ನಡುಕ ಅಂದ್ರ, ಕೆಳಗ ಇಳಿದ ಮ್ಯಾಲೂ ಪೈಲಟ್ ಸಾಹೇಬರ ಕೈ ನಿಲ್ತಿದ್ದಿಲ್ಲ. ಗಾಳಿ ಎಲ್ಲೋ ತಿರುಗಿಬಿದ್ದು ಬಡೀತೈತಿ. ಎಲ್ಲಿ ಅಂತ ಕಾಣಬೇಕಲ್ಲ? ಗಾಳಿ ಕಣ್ಣಿಗೆ ಕಾಣಂಗಿಲ್ಲ. ಅದಕ್ಕ ಮೈತುಂಬ ದಾರದ ತುಂಡು ಅಂಟಿಸೋದು, ಪಕ್ಕದಾಗ ಇನ್ನೊಂದು ಹೆಲಿಕಾಪ್ಟರ್ ಹಾರಿಸಿ ಫೋಟೋ ತಗಿಯೋದು. ದಾರ ಎತ್ಲಾಗ ಹಾರತೈತೋ ಗಾಳಿ ಅತ್ಲಾಗ."

"ಗೊತ್ತು, ಪರೀಕ್ಷಾ ಹಾರಾಟದಲ್ಲಿ ಮಾಡ್ತಾರೆ," ವಾಣಿಶ್ರೀ ಕಣ್ಣರಳಿಸಿದರು. "ಆದರೆ ಆ ದಾರ ಯಾರೂ ಉಳಿಸಲ್ಲ."

"ಪ್ಯಾಟಿಯಿಂದ ತಂದ ದಾರ ಆ ಥಂಡಿಗೆ ಕಡ್ಡಿಯಂಗ ಸೆಟದು ನಿಂತುಬಿಡ್ತು. ಏನು ಮಾಡ್ಬೇಕು? ನನ್ನ ಹಾಸಿಗಿಮ್ಯಾಲೆ ನಮ್ಮವ್ವ ಕೊಟ್ಟ ಕಂಬಳಿ ಇತ್ತು. ಹಡಗಲಿಯಿಂದ ಹೊರಟಾಗ ಹೆಗಲಿಗೆ ಹಾಕಿ ಕಳಿಸಿದ್ಲು. ಅದರ ಅಂಚು ಬಿಚ್ಚಿದೆ. ಅದು ಸೆಟೀಲಿಲ್ಲ ನೋಡ್ರಿ. ಮೆತ್ತಗ ಹಾರ್ತು. ಗಾಳಿ ಎಲ್ಲಿ ಸುತ್ತತೈತಿ ಅಂತ ತೋರಿಸ್ತು. ಅಲ್ಲೊಂದು ಸಣ್ಣ ತಗಡು ಕೂಡಿಸಿದ್ರು, ನಡುಕ ನಿಂತುಹೋತು. ಆಮ್ಯಾಲೆ ಸೈನ್ಯಕ್ಕ ಹೋದವಕ್ಕೆಲ್ಲ ಆ ತಗಡು ಐತಿ. ನಮ್ಮವ್ವ ಈಗಿಲ್ಲ. ಕಂಬಳಿ ಹುಳ ತಿಂದು ಹೋತು. ಎಳಿ ಅದಾವ."

ಶಿವಬಸಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವಳು ನಿಂತುಬಿಟ್ಟಳು. ತೆರೆಯಬೇಡ, ತೆರೆಯಬೇಡಪ್ಪ ಎಂದು ಒಳಗೊಳಗೇ ಬೇಡಿಕೊಂಡಳು. ಮುದುಕರು ಹಾಳೆ ಎತ್ತಿದರು.

ನುಣ್ಣನೆಯ ಬಿಳಿ ತಗಡು. ಕನ್ನಡಿಯಲ್ಲಿ ಕಂಡಂತೆ ಅವರ ಅಂಗಿಯ ನೆರಳು ಅದರಲ್ಲಿ ಕಾಣುತ್ತಿತ್ತು.

ಅವರು ಮೊದಲು ಆ ಕಡೆ ಹೋಗಿ ನೋಡಿದರು. ಮತ್ತೆ ಈ ಕಡೆ ಬಂದರು. ಬಗ್ಗಿ ನೆಲ ನೋಡಿದರು. "ಶೈಲಾ, ಎಳಿ ಎಲ್ಲಿ?"

ಶೈಲಾ ತಗಡು ನೋಡಿದಳು. ಆಮೇಲೆ ಅವ್ವನ ಮುಖ ನೋಡಿದಳು. ಹೆತ್ತ ತಾಯಿಯ ಮುಖ ಓದಲು ಮಕ್ಕಳಿಗೆ ಎಷ್ಟು ಹೊತ್ತು ಬೇಕು? ಚಕ್ರದ ಕರಿದಾರ, ನಿಂಬೆಹಣ್ಣು, ಎಲ್ಲ ಅವಳ ಕಣ್ಣಲ್ಲಿ ಒಂದಕ್ಕೊಂದು ಕೂಡಿಕೊಂಡದ್ದು ಶಿವಬಸಮ್ಮನಿಗೆ ಕಂಡಿತು.

"ಗೊತ್ತಿಲ್ಲ ಸಾರ್," ಎಂದಳು ಶೈಲಾ. "ನಾನು ಊರಲ್ಲಿರಲಿಲ್ಲ. ಕಸ ಗುಡಿಸೋರು ಏನಾದ್ರೂ... ಗೊತ್ತಾಗದೆ ತೆಗೆದಿರಬೇಕು."

ಎಲ್ಲರ ಮುಖವೂ ಬಾಗಿಲಿನ ಕಡೆ ತಿರುಗಿತು. ಅಲ್ಲಿ ಪಕ್ಕೀರಮ್ಮ ಕಸಬರಿಗೆ ಹಿಡಿದು ನಿಂತಿದ್ದಳು. ಯಾರೂ ಅವಳನ್ನು ಹೌದೇ ಎಂದು ಕೇಳಲಿಲ್ಲ. ಅಲ್ಲಿದ್ದ ಎಲ್ಲರಿಗೂ ಆ ಮಾತು ಕೇಳಿದ ಕೂಡಲೇ ನಿಜವೆನಿಸಿತ್ತು. "ಹೀಗೇ ಆಗೋದು, ತಿಳಿಯದವರನ್ನ ಒಳಗೆ ಬಿಡಬಾರದಿತ್ತು" ಎಂದರು ವಾಣಿಶ್ರೀ, ಮೆಲ್ಲಗೆ, ಕೆಟ್ಟದ್ದಾಗಿಯೂ ಅಲ್ಲ. ಕರಿಸಿದ್ದಪ್ಪನವರು ಬೆನ್ನು ತಿರುಗಿಸಿಕೊಂಡೇ "ನಾಳಿಂದ ಬರೋದು ಬ್ಯಾಡವ್ವ" ಎಂದರು.

ಪಕ್ಕೀರಮ್ಮ ಶಿವಬಸಮ್ಮನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಸಂತೆಯಲ್ಲಿ ತಕ್ಕಡಿ ಹಿಡಿದವರ ಮುಂದೆ ನಿಂತು, ಮುಳ್ಳು ಯಾವ ಕಡೆ ವಾಲುತ್ತದೆಂದು ಕಾಯುವವರ ನೋಟ. ಶಿವಬಸಮ್ಮ ಹೇಳಬೇಕೆಂದುಕೊಂಡಳು. ಹೇಳಿದರೆ ಮಗಳು ಈಗಷ್ಟೇ ಆಡಿದ ಮಾತು ಸುಳ್ಳಾಗುತ್ತದಲ್ಲ, ಬೆಂಗಳೂರಿನವರ ಮುಂದೆ. ಅವಳ ಕೈ ತಾನಾಗಿ ಫ್ಲಾಸ್ಕು ಬಗ್ಗಿಸಿ ಲೋಟಕ್ಕೆ ಚಹಾ ಸುರಿಯಿತು. "ತಗೋರಿ ಮೇಡಂ, ಬಿಸಿ ಐತಿ" ಎಂದಿತು ಅವಳ ಬಾಯಿ. ಪಕ್ಕೀರಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಸೆರಗು ಹೊದ್ದು, ಹೊರಟುಹೋದಳು.

ಆ ಸಂಜೆ ಅಡಿಗೆಮನೆಯಲ್ಲಿ ಶಿವಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಒಂದೂ ದುಂಡಗೆ ಬರಲಿಲ್ಲ. ಶೈಲಾ ಹೊಸ್ತಿಲ ಮೇಲೆ ಕೂತು ಫೋನನ್ನು ತಿರುವಿ ಮುರುವಿ ನೋಡುತ್ತಿದ್ದಳು.

"ಹಂಗ್ಯಾಕಂದಿ ಯವ್ವಾ?"

"ಮತ್ತೇನು ಅನ್ಲಿ? ನಮ್ಮವ್ವ ಕಿತ್ತಾಳ ಅನ್ಲಾ? ಬೀಗದ ಕೈ ನಾನಾ ಕೊಟ್ಟು ಹೋಗೀನಿ ಅನ್ಲಾ?"

"ಆಕಿ ಮುಟ್ಟಲಿಲ್ಲ. ಬ್ಯಾಡಂದ್ಲು. ಫೋನ್ ಹಚ್ಚಿ ಕೇಳ್ರಿ ಅಂದ್ಲು."

ಶೈಲಾ ತಲೆ ಎತ್ತಿದಳು. ಅಷ್ಟು ಅವಳಿಗೆ ಗೊತ್ತಿರಲಿಲ್ಲ. ಮುಖ ಕೆಂಪಾಯಿತು. ಆದರೆ ಬಾಯಿ ಬೇರೆಯೇ ಹೇಳಿತು: "ಕ್ರಾಂತಿಗೆ ನೌಕರಿ ಐತಿ. ಆಕಿಗೇನೂ ಕಡಿಮಿ ಆಗಂಗಿಲ್ಲ. ಬ್ಯಾರೆ ಎಲ್ಲ್ಯರ ಹೇಳಿ ಕೆಲಸ ಕೊಡಿಸ್ತೀನಿ. ಇದನ್ನ ಇಲ್ಲಿಗೇ ಬಿಡು ಅವ್ವಾ. ನಿನ್ನ ಸಲುವಾಗೂ ಅಂದೀನಿ."

ನಿನ್ನ ಸಲುವಾಗಿ. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗಿದ್ದು ಶಿವಬಸಮ್ಮನಿಗೆ ವಾಸನೆಯಿಂದ ತಿಳಿಯಿತು. ಈ ಮಗು ಹಾಲು ಕುಡಿಯುವಾಗಿನಿಂದ ಅದರ ಒಂದೊಂದು ಮಾತನ್ನೂ ಮುದ್ದಿನಿಂದ ಕೇಳಿದವಳು ಅವಳು. ಈಗಿನ ಮಾತು ಕೇಳಿ ಮಗಳ ಮುಖವನ್ನು ನೋಡಲಾಗಲಿಲ್ಲ. ಬೈಯೋಣವೆಂದರೆ ಯಾವ ಬಾಯಿಂದ? ಮಗಳು ಸುಳ್ಳು ಹೇಳುವಾಗ ಚಹಾ ಹಂಚಿದವಳು ತಾನೇ ಅಲ್ಲವೇ? ಮಗಳು ಒಂದು ಮಾತು ಆಡಿದ್ದಳು, ತಾನು ಅದಕ್ಕೆ ಸಕ್ಕರೆ ಹಾಕಿ ಕೊಟ್ಟಿದ್ದಳು. "ನಿನಗ ಅಂದಾಳ, ನನಗ ಅಂದಾಳೇನು" ಎಂಬ ತನ್ನದೇ ಮಾತು ಈಗ ಬೇರೆ ಯಾರೋ ತನಗೆ ಹೇಳಿದಂತೆ ಕೇಳಿಸಿತು.

ಬೆಳಿಗ್ಗೆ ಎದ್ದು, ಅಂಗಳಕ್ಕೆ ನೀರು ಹಾಕಿ, ಮಗಳನ್ನು ಎಬ್ಬಿಸದೆ ಪಕ್ಕೀರಮ್ಮನ ಮನೆಗೆ ಹೋದಳು. ಒಂದೇ ಊರಿನಲ್ಲಿದ್ದು ಆ ಓಣಿಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ದಾರಿ ಕೇಳಬೇಕಾಯಿತು. ಅದಕ್ಕೂ ನಾಚಿಕೆಯಾಯಿತು.

ಬಾಗಿಲು ತೆರೆದವನು ಕ್ರಾಂತಿಕುಮಾರ, ಡ್ಯೂಟಿಗೆ ಹೊರಟ ಅಂಗಿಯಲ್ಲಿದ್ದ. ಹಿಂದಿನ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಅಂಬೇಡ್ಕರರ ಪಟ. "ಬರ್ರಿ, ಒಳಗ ಬರ್ರಿ. ನಮ್ಮನಿ ಚಾ ಕುಡೀತೀರಲ್ರಿ?" ಎಂದ. ಮಾತು ಮರ್ಯಾದೆಯದೇ. ಶಿವಬಸಮ್ಮನ ಎದೆಗೆ ನಾಟಿತು.

"ಕುಡೀತೀನಪ್ಪ."

ಪಕ್ಕೀರಮ್ಮ ಚಹಾ ತಂದಳು. ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಕೆಳಗೆ ಸಾಸರು. ನೆಂಟರು ಬಂದಾಗ ತೆಗೆಯುವಂಥದ್ದು. ಆ ಕಪ್ಪು ಕಂಡಾಗ ಶಿವಬಸಮ್ಮನಿಗೆ ತನ್ನ ಚೀಲದ ಪೇಪರ್ ಕಪ್ಪಿನ ಕಟ್ಟು ನೆನಪಾಯಿತು.

"ತಪ್ಪಾತು ಪಕ್ಕೀರಮ್ಮ," ಎಂದಳು. ಮೊದಲ ದಿನದಿಂದ ಪಕ್ಕೀರಿ ಎಂದೇ ಕರೆದ ಬಾಯಿ ಅದು. "ನಾನಾ ಬಿಚ್ಚಿದ್ದು. ನೀನು ಬ್ಯಾಡಂದಿ. ನಿನ್ನೆ ಬಾಯಿ ಬರಲಿಲ್ಲ."

"ಬಾಯಿ ಬಂತಲ್ರಿ," ಎಂದಳು ಪಕ್ಕೀರಮ್ಮ. "ಚಾ ತಗೋರಿ ಅಂದ್ರಲ್ಲ."

ಕ್ರಾಂತಿ ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಕೆಲಸ ಹೋದ್ರ ಹೋಗ್ಲಿ, ನಾನಾ ಬಿಡು ಬಿಡು ಅಂತಿದ್ದೆ. ಆದ್ರ ಇವತ್ತು ಓಣಿ ತುಂಬ ಸುದ್ದಿ ಆಗೇತ್ರಿ, ಪಕ್ಕೀರಮ್ಮ ಹೆಲಿಕಾಪ್ಟರ್ ಹಾಳು ಮಾಡ್ಯಾಳ ಅಂತ. ಅದನ್ನ ಯಾರು ಬಿಚ್ಚತಾರ?"

"ನಾನು ಹೇಳ್ತೀನಿ. ಇವತ್ತ ಹೋಗಿ ಕರಿಸಿದ್ದಪ್ಪನೋರಿಗೆ ಫೋನ್—"

"ಫೋನ್ ಬ್ಯಾಡ್ರಿ ಅಮ್ಮಾರ," ಪಕ್ಕೀರಮ್ಮ ಎದ್ದಳು. "ಎಲ್ಲಿ ಅಂದಾರ, ಅಲ್ಲೇ ಹೇಳ್ರಿ. ಎಲ್ಲಾರೂ ನನ್ನ ಕಡಿ ನೋಡಿದ್ರಲ್ಲ, ಅವರೆಲ್ಲ ಇದ್ದಾಗ. ನಾನೂ ಬರ್ತೀನಿ. ನಾನು ಅಲ್ಲಿ ನಿಂತಿರಬೇಕು."

ಇಬ್ಬರೂ ಗೋದಾಮಿಗೆ ನಡೆದು ಹೋದರು. ವಾಣಿಶ್ರೀ ಕತ್ತಲು ಮಾಡಿಸಿ ಟಾರ್ಚು ಹಿಡಿದು ಬಾಲದ ತಗಡನ್ನು ಓರೆಯಿಂದ ನೋಡುತ್ತಿದ್ದರು. ಕರಿಸಿದ್ದಪ್ಪನವರು ಸ್ಟೂಲಿನ ಮೇಲೆ ಕೂತಿದ್ದರು. ರಾತ್ರಿ ನಿದ್ದೆ ಮಾಡಿರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. ಶೈಲಾ ಬಂದವರನ್ನು ನೋಡಿ ಬಿಳಿಚಿಕೊಂಡಳು.

ಶಿವಬಸಮ್ಮ ಕರಿಸಿದ್ದಪ್ಪನವರ ಮುಂದೆ ಹೋಗಿ ನಿಂತಳು. "ಅಣ್ಣಾರ, ಎಳಿ ಕಿತ್ತಾಕಿ ನಾನು. ಆಯುಧ ಪೂಜಿ ದಿನ. ದೃಷ್ಟಿದಾರ ಅನ್ಕೊಂಡೆ. ಹಂಪಸಾಗರದಾಗ ಹೊಳಿಗೆ ಬಿಟ್ಟೆ. ಈಕಿ ಮುಟ್ಟಿಲ್ಲ, ಮುಟ್ಟಬ್ಯಾಡ್ರಿ ಅಂದ್ಲು. ನಾನು ಕೇಳಲಿಲ್ಲ. ನಿನ್ನೆ ಎಲ್ಲಾ ಗೊತ್ತಿದ್ದು ಸುಮ್ನ ನಿಂತೆ."

ಕರಿಸಿದ್ದಪ್ಪನವರು ಅವಳನ್ನು ನೋಡಲಿಲ್ಲ. "ಹೊಳಿಗೆ," ಎಂದರು. ಆಮೇಲೆ ತಲೆ ತಿರುಗಿಸಿ, "ಶೈಲಾ, ನಿನಗ ಗೊತ್ತಿತ್ತಾ?"

ಇಲ್ಲ ಎನ್ನುವ ಮಾತು ಶಿವಬಸಮ್ಮನ ತುಟಿಗೇ ಬಂದಿತ್ತು. ಪಾಪದ ಹುಡುಗಿ, ಅವಳಿಗೇನೂ ಗೊತ್ತಿಲ್ಲ, ಎಲ್ಲ ನನ್ನದೇ. ಇಷ್ಟು ಹೇಳಿದರೆ ಮಗಳು ಉಳಿಯುತ್ತಾಳೆ. ತಾಯಿಗೆ ಅದು ಎಷ್ಟರ ಮಾತು? ಬಾಯಿ ತೆರೆದಳು. ಪಕ್ಕದಲ್ಲಿ ಪಕ್ಕೀರಮ್ಮ ನಿಂತಿದ್ದಳು. ನಿನ್ನೆಯ ಹಾಗೆಯೇ, ತಕ್ಕಡಿಯ ಮುಳ್ಳು ನೋಡುವ ಕಣ್ಣಿನಲ್ಲಿ. ಶಿವಬಸಮ್ಮ ಬಾಯಿ ಮುಚ್ಚಿದಳು. ಮಗಳನ್ನು ಹೆತ್ತ ದಿನವೂ ಅಷ್ಟು ಕಷ್ಟವಾಗಿರಲಿಲ್ಲ ಅವಳಿಗೆ.

ಶೈಲಾ ಅವ್ವನ ಕಡೆ ನೋಡಿದಳು. ಅಲ್ಲಿಂದ ಏನೂ ಬರುವುದಿಲ್ಲ ಎಂದು ತಿಳಿಯಿತು.

"ಗೊತ್ತಾತು ಸಾರ್," ಎಂದಳು, ನೆಲ ನೋಡುತ್ತ. "ಹಾಳಿ ಎತ್ತಿದ ಕೂಡಲೇ ಅವ್ವನ ಮುಖ ನೋಡಿ ಗೊತ್ತಾತು. ಆಮೇಲೆ ಪಕ್ಕೀರಮ್ಮನ ಹೆಸರು... ಬಾಯಿಗೆ ಅದೇ ಬಂತು. ನಾನು ಯೋಚನಿ ಸಹಿತ ಮಾಡಲಿಲ್ಲ."

"ಅದಾ ನೋಡ್ರಿ," ಎಂದಳು ಪಕ್ಕೀರಮ್ಮ. ಅಷ್ಟೇ ಎಂದಳು.

ವಾಣಿಶ್ರೀ ಟಾರ್ಚು ಆರಿಸಿದರು. ತಾವು ಹಿಂದಿನ ದಿನ ಆಡಿದ ಮಾತು ಅವರಿಗೂ ನೆನಪಾಗಿರಬೇಕು, ಪಕ್ಕೀರಮ್ಮನ ಹತ್ತಿರ ಬಂದು "ನನ್ನದೂ ತಪ್ಪಾಯಿತು" ಎಂದರು. ಕರಿಸಿದ್ದಪ್ಪನವರು ಎದ್ದು ಬಾಲದ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ನಿಂತರು. ಕೊನೆಗೆ "ಕೆಲಸಕ್ಕ ಬಾರವ್ವ" ಎಂದು ಪಕ್ಕೀರಮ್ಮನಿಗೆ ಹೇಳಿ ಹೊರಗೆ ಹೋದರು. ಶಿವಬಸಮ್ಮನಿಗೆ ಏನೂ ಹೇಳಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಎಳೆಗಳಿದ್ದ ಜಾಗದಲ್ಲಿ ಬಣ್ಣ ಒಂದಿಷ್ಟು ಹೆಚ್ಚು ಬಿಳಿಯಾಗಿ ಉಳಿದಿತ್ತು, ಓರೆ ಬೆಳಕು ಹಿಡಿದರೆ ಮಾತ್ರ ಕಾಣುತ್ತಿತ್ತು. ಹೊಸ ಉಣ್ಣೆ ಅಂಟಿಸೋಣವೇ ಎಂದು ಶೈಲಾ ಕೇಳಿದಾಗ ವಾಣಿಶ್ರೀ ಬೇಡವೆಂದರು. ಇದ್ದದ್ದನ್ನು ಇದ್ದಂತೆ ಇಡುವುದು, ಹೋದದ್ದನ್ನು ಹೋಯಿತೆಂದು ಬರೆಯುವುದು, ಅಷ್ಟೇ ತಮ್ಮ ಕೆಲಸ ಎಂದರು. ಶೈಲಾಳ ಕೆಲಸದ ವಿಷಯವನ್ನು ಟ್ರಸ್ಟು ನೋಡಿಕೊಳ್ಳಲಿ ಎಂದಷ್ಟೇ ಹೇಳಿ ಬೆಂಗಳೂರಿಗೆ ಹೋದರು. ಟ್ರಸ್ಟು ಇನ್ನೂ ಏನೂ ಹೇಳಿರಲಿಲ್ಲ.

ಫಲಕಕ್ಕೆ ಶೈಲಾ ಬರೆದ ಮೊದಲ ಸಾಲು ಹೀಗಿತ್ತು: ಸ್ವಚ್ಛತೆಯ ವೇಳೆ ಮೂಲ ಉಣ್ಣೆಯ ಎಳೆಗಳು ನಷ್ಟವಾದವು. ಪಕ್ಕೀರಮ್ಮ ಕಸಬರಿಗೆ ನಿಲ್ಲಿಸಿ ಅದನ್ನು ಅಕ್ಷರ ಕೂಡಿಸಿಕೊಂಡು ಓದಿದಳು.

"ಸ್ವಚ್ಛತಿ ಅಂದ್ರ ನಾನಾ ಅಲ್ಲೇನ್ರಿ ಶೈಲಕ್ಕಾರ? ಓದಿದೋರು ಯಾರ ಕಡಿ ನೋಡ್ತಾರ?"

ಪಕ್ಕದಲ್ಲಿ ನಿಂತಿದ್ದ ಶಿವಬಸಮ್ಮ ಮಗಳ ತಲೆ ಸವರಿದಳು. "ನನ್ನ ಹೆಸರು ಬರಿ ಯವ್ವಾ. ಪೂರ್ತಿ ಬರಿ."

ಈಗ ಆ ಫಲಕ ಬಾಲದ ಪಕ್ಕದಲ್ಲಿದೆ. ಹಡಗಲಿಯ ಕಂಬಳಿ, ಹಿಮದ ಬೆಟ್ಟ, ಸಣ್ಣ ತಗಡು, ಎಲ್ಲವೂ ಅದರಲ್ಲಿದೆ. ಕೊನೆಗೆ: ಆಯುಧ ಪೂಜೆಯ ದಿನ ಉಸ್ತುವಾರಿ ಶೈಲಾ ಅವರ ತಾಯಿ ಶಿವಬಸಮ್ಮ, ದೃಷ್ಟಿದಾರವೆಂದು ತಿಳಿದು, ಬೇಡವೆಂದರೂ ಕೇಳದೆ ಈ ಎಳೆಗಳನ್ನು ತೆಗೆದರು. ಮಕ್ಕಳು ಅದನ್ನು ಜೋರಾಗಿ ಓದುತ್ತಾರೆ. ಟೀಚರುಗಳು ನಗುತ್ತಾರೆ. ಶೈಲಾ ದಿನವೂ ಅದರ ಮುಂದೆ ನಿಂತು ಕತೆ ಹೇಳಬೇಕು. ಆ ಜಾಗಕ್ಕೆ ಬಂದಾಗ ಅವಳ ಸ್ವರ ತಗ್ಗುತ್ತದೆ, ಆದರೂ ಹೇಳುತ್ತಾಳೆ.

ಫಲಕ ನಿಂತ ಮೇಲೆ ಕೆಲವು ದಿನ ಶಿವಬಸಮ್ಮ ಆ ಕಡೆ ಹೋಗಲಿಲ್ಲ. ಹೋಗದೆ ಇದ್ದರೆ ಅದೂ ಅಡಗಿ ಕೂತಂತೆಯೇ ಎನಿಸಿ, ಒಂದು ಸಂಜೆ ಮತ್ತೆ ಫ್ಲಾಸ್ಕು ತುಂಬಿದಳು. ಪೇಪರ್ ಕಪ್ಪಿನ ಕಟ್ಟನ್ನು ಗೋಡೆಯ ಮಾಡದಲ್ಲೇ ಬಿಟ್ಟು, ಮೂರನೆಯ ಸ್ಟೀಲಿನ ಲೋಟವನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಚೀಲಕ್ಕೆ ಹಾಕಿಕೊಂಡಳು.

ಬಾಲದ ಕೆಳಗಿನ ನೆಲ ಒರೆಸುತ್ತಿದ್ದ ಪಕ್ಕೀರಮ್ಮನ ಮುಂದೆ ಲೋಟ ಚಾಚಿದಳು. ಹೊಳೆಯುವ ಲೋಟವನ್ನೂ ಚಾಚಿದ ಕೈಯನ್ನೂ ಪಕ್ಕೀರಮ್ಮ ನೋಡಿದಳು.

"ನನಗ ಪೇಪರ್ ಕಪ್ಪಾ ಇರ್ಲಿ ಬಿಡ್ರಿ ಅಮ್ಮಾರ," ಎಂದಳು, ಒರೆಸುವ ಅರಿವೆಯನ್ನು ಬಕೆಟ್ಟಿನಲ್ಲಿ ಹಿಂಡುತ್ತ. "ಕುಡದು ಕಸಕ್ಕ ಒಗೀಬಹುದು."

ಶಿವಬಸಮ್ಮ ಲೋಟ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಆಗದೆ, ಅಲ್ಲೇ ಇಡಲೂ ಆಗದೆ, ಚಹಾ ಆರುವತನಕ ನಿಂತಿದ್ದಳು. ಮರುದಿನ ಸಂಜೆ ಮತ್ತೆ ಮೂರು ಲೋಟ ತಿಕ್ಕಿದಳು.